ಮೂರು ಮೂಲೆಯ ನಕ್ಷತ್ರ

ಶುಕ್ರವಾರ ಸಂಜೆ ಏಳೂ ಹತ್ತಕ್ಕೆ ಅವಳ ದೂರದರ್ಶಕದಲ್ಲಿ ನಕ್ಷತ್ರ ಮೂರು ಮೂಲೆಯಾಗಿ ಕಂಡಿತು. ಏಳೂ ಇಪ್ಪತ್ತಕ್ಕೆ ಅವಳು ಅದರ ಕನ್ನಡಿ ಮಾಡಿಕೊಟ್ಟ ಅಜ್ಜನಿಗೆ ಫೋನು ಮಾಡಿದಳು. ಏಳೂ ಇಪ್ಪತ್ತೆರಡಕ್ಕೆ ಆ ಕಡೆಯಿಂದ ಉತ್ತರ ಬಂತು: “ನಾಳೆ ಸಂಜೆ ಎಂಟಕ್ಕೆ ಬರ್ತೀನಿ. ಕನ್ನಡಿ ಬಿಚ್ಚಿಟ್ಟಿರು.” ತಪ್ಪು ನಡೆದದ್ದು ಈ ಹನ್ನೆರಡು ನಿಮಿಷಗಳಲ್ಲಿ. ಅದು ತಪ್ಪೆಂದು ಅವಳಿಗೆ ಹೊಳೆದದ್ದು ಮಾತ್ರ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ, ತೂಕ ಮತ್ತು ಅಳತೆಯ ಕಚೇರಿಯಲ್ಲಿ.

ಅಂಗಡಿಗಳ ತಕ್ಕಡಿಗಳನ್ನೂ ತೂಕದ ಕಲ್ಲುಗಳನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ಅವಳ ಕೆಲಸ. ಮನೆಯಲ್ಲಿ ಅಣ್ಣ ಅವಳನ್ನು ಕರೆಯುತ್ತಿದ್ದುದೇ ‘ತಕ್ಕಡಿ’ ಎಂದು. ಆ ಬೆಳಗ್ಗೆ ಮೇಜಿನ ಮೇಲಿದ್ದ ತಕ್ಕಡಿಯ ಮುಳ್ಳು ಎಡಕ್ಕೆ ವಾಲಿತ್ತು. ಅವಳ ಕೈ ಅಭ್ಯಾಸಬಲದಿಂದ ಎರಡೂ ತಟ್ಟೆಗಳ ಕಲ್ಲುಗಳನ್ನು ಅದಲುಬದಲು ಮಾಡತೊಡಗಿತು. ಆಗ ಮುಳ್ಳು ಕಲ್ಲಿನ ಜೊತೆ ಬಲಕ್ಕೆ ವಾಲಿದರೆ ತಪ್ಪು ಕಲ್ಲಿನದು. ಎಡದಲ್ಲೇ ಉಳಿದರೆ ತಪ್ಪು ತಕ್ಕಡಿಯದು. ಕೆಲಸಕ್ಕೆ ಸೇರಿದ ಮೊದಲ ವಾರದ ಪಾಠವದು. ಕಲ್ಲು ಹಿಡಿದ ಕೈ ಅರ್ಧದಲ್ಲೇ ನಿಂತಿತು. ನಿನ್ನೆ ಕನ್ನಡಿಯನ್ನು ತಿರುಗಿಸಿ ನೋಡದೆಯೇ ಅವಳು ‘ಕನ್ನಡಿ ಸರಿಯಿಲ್ಲ’ ಎಂದು ತೀರ್ಪು ಕೊಟ್ಟಿದ್ದಳು.

ಆ ಕನ್ನಡಿಯನ್ನು ಉಜ್ಜಿದವರು ಗಾಜಿನಜ್ಜ. ನಲವತ್ತು ವರ್ಷಗಳಿಂದ ದೂರದರ್ಶಕಗಳಿಗೆ ಕನ್ನಡಿ ಉಜ್ಜುತ್ತ ಬಂದವರು. ಅವರದೊಂದು ನಿಯಮವಿತ್ತು: ತಾವು ಮಾಡಿದ ಕನ್ನಡಿಯಲ್ಲಿ ದೋಷ ಕಂಡರೆ ಕೊಂಡವರ ಮನೆಗೇ ಹೋಗಿ, ಹಣ ಹಿಂತಿರುಗಿಸಿ, ತಮ್ಮ ಸುತ್ತಿಗೆಯಿಂದಲೇ ಅದನ್ನು ಒಡೆದು ಬರುತ್ತಿದ್ದರು. ಹೀಗೆ ಒಡೆದದ್ದು ಮೂರು. ಈ ಹದಿನಾರು ಅಂಗುಲದ ಕನ್ನಡಿಗೆ ಹದಿನಾಲ್ಕು ತಿಂಗಳು ಹಿಡಿದಿತ್ತು. ಅಷ್ಟರಲ್ಲಿ ಅವರ ಎರಡೂ ಕಣ್ಣಿಗೆ ಮಂಜು ಕವಿದಿತ್ತು. ಕೊಳ್ಳಲು ಬಂದ ಆರು ಮಂದಿಯನ್ನು ವಾಪಸ್ಸು ಕಳಿಸಿ ಅವಳಿಗೆ ಕೊಟ್ಟಿದ್ದರು. “ಇದು ಕೊನೇದು. ಸರಿ ಇದ್ರೆ ಸರಿ, ತಪ್ಪಿದ್ರೆ ತಪ್ಪು ಅನ್ನೋ ಕಸುಬಿನೋಳು ನೀನು. ಅದಕ್ಕೇ ನಿಂಗೆ,” ಎಂದಿದ್ದರು.

ಹನ್ನೊಂದೂಕಾಲಕ್ಕೆ ಅವಳು ಮತ್ತೆ ಫೋನು ಮಾಡಿದಳು.

“ಅಜ್ಜ, ಇವತ್ತು ಬರಬೇಡಿ. ಇನ್ನೊಂದು ಸಲ ನೋಡ್ತೀನಿ.”

“ನೀನು ನೋಡಿದ್ದು ಸುಳ್ಳಾ?”

“ಇಲ್ಲ.”

“ಮತ್ತೆ? ಅಳೆಯೋರು ಎರಡೆರಡು ಮಾತಾಡಬಾರದು ತಾಯಿ. ಬಸ್ಸಿಗೆ ನಿಂತಿದೀನಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳ ವಿಷಯದಲ್ಲಿ ಮಾತು ಆಗಲೇ ಹೋಗಿತ್ತು. ಮುತ್ತಿಗೆ ಇನ್ನೂ ಎಂಟೂಮುಕ್ಕಾಲು ತಾಸು ಉಳಿದಿತ್ತು.

ನಾಲ್ಕೂವರೆಗೆ ಮನೆ ಸೇರಿದವಳೇ ಅಣ್ಣನನ್ನು ಕರೆದು ದೂರದರ್ಶಕವನ್ನು ಹಿತ್ತಲಿಗೆ ಇಳಿಸಿದಳು. ಕನ್ನಡಿ ಹೊರಗಿನ ಗಾಳಿಯಷ್ಟೇ ತಣ್ಣಗಾಗದೆ ನೋಡಿದ್ದಕ್ಕೆ ಬೆಲೆಯಿಲ್ಲ. ಕೊಂಡಾಗ ಕನ್ನಡಿಯ ಜೊತೆ ತೋಪಿನಂಥ ಕಬ್ಬಿಣದ ಕೊಳವೆಯೊಂದು ಬಂದಿತ್ತು. ಅದು ಹಿತ್ತಲ ಬಾಗಿಲಲ್ಲಿ ಹಿಡಿಸಲಿಲ್ಲ. ಪೀಠೋಪಕರಣದ ಕಾರ್ಖಾನೆಯಲ್ಲಿ ಬಡಗಿಯಾಗಿದ್ದ ಅಣ್ಣ ಅದನ್ನು ಮೂಲೆಗೆಸೆದು, ಕನ್ನಡಿ ಕೂರಲು ಪ್ಲೈವುಡ್ಡಿನ ಪೆಟ್ಟಿಗೆ, ಅದರ ಮೇಲೆ ಎಂಟು ಅಲ್ಯೂಮಿನಿಯಂ ಕೋಲು, ತುದಿಗೊಂದು ಬಳೆ, ಹೀಗೆ ಆರಡಿಯ ಹಂದರ ಕಟ್ಟಿದ್ದ. ಬೆರಳಿಂದ ತಳ್ಳಿದರೆ ಸಾಕು, ಆಕಾಶದ ಯಾವ ಕಡೆಗಾದರೂ ತಿರುಗುತ್ತಿತ್ತು. ಕನ್ನಡಿಯ ಹಿಂದೆ, ಕೆಟ್ಟ ಕಂಪ್ಯೂಟರಿನಿಂದ ಬಿಚ್ಚಿದ ಪುಟ್ಟ ಫ್ಯಾನು.

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ,” ಎಂದ ಅಣ್ಣ. “ಕನ್ನಡಿ ಸರಿ ಇದ್ರೆ ಡೊಂಕು ನನ್ನ ಪೆಟ್ಟಿಗೇದು ಅಂತೀಯ. ನಾನೇ ನೆಲ ಆಗ್ಬಿಟ್ಟೆ.”

“ಯಾರದ್ದು ಅಂತ ನೋಡೋಕೇ ಇದೆಲ್ಲ.”

“ಹುಂ. ಯಾರದ್ದಾದ್ರೂ ನಿಂದಂತೂ ಅಲ್ಲ.”

ಅವಳು ಕಾಗದದ ಮೇಲೆ ಸಮಯ ಬರೆದಿಟ್ಟಳು. ಏಳಕ್ಕೆ ಮೊದಲ ನೋಟ. ಹತ್ತು ನಿಮಿಷದಲ್ಲಿ ಕನ್ನಡಿ ತಿರುಗಿಸುವುದು. ಕೈಯ ಬಿಸಿ ಗಾಜಿನಿಂದ ಇಳಿಯಲು ಇಪ್ಪತ್ತೈದು ನಿಮಿಷ. ಏಳೂ ಮೂವತ್ತೈದಕ್ಕೆ ಎರಡನೆಯ ನೋಟ. ಎಂಟಕ್ಕೆ ಅಜ್ಜ.

ಏಳಕ್ಕೆ, ನೆತ್ತಿಯ ಹತ್ತಿರದ ಹೊಳೆಯುವ ನಕ್ಷತ್ರವೊಂದಕ್ಕೆ ಗುರಿಯಿಟ್ಟು, ಸ್ಟೂಲು ಹತ್ತಿ ನೇತ್ರಮಸೂರಕ್ಕೆ ಕಣ್ಣಿಟ್ಟಳು. ಫೋಕಸ್ಸನ್ನು ತುಸು ತಪ್ಪಿಸಿದರೆ ನಕ್ಷತ್ರ ದುಂಡನೆಯ ತಟ್ಟೆಯಾಗಿ ಹರಡಬೇಕು. ಹರಡಿದ್ದು ತ್ರಿಕೋನವಾಗಿ, ಒಂದು ಮೂಲೆ ಮೇಲಕ್ಕೆ. ನಿನ್ನೆಯಂತೆಯೇ.

ಕನ್ನಡಿಯ ಅಂಚನ್ನು ಮೂರು ಕಡೆ ಮೂರು ಕ್ಲಿಪ್ಪುಗಳು ಹಿಡಿದಿದ್ದವು. ಅವುಗಳ ತಿರುಪುಗಳನ್ನು ಸಡಿಲಿಸಿ, ಕೈಗವಸು ತೊಟ್ಟು, ಇಬ್ಬರೂ ಉಸಿರು ಬಿಗಿಹಿಡಿದು ಹನ್ನೊಂದೂವರೆ ಕಿಲೋ ಗಾಜನ್ನು ಅದರ ಆಸನದಲ್ಲೇ ತಿರುಗಿಸಿದರು. ಮೊದಲ ಕ್ಲಿಪ್ಪಿನ ಎದುರಿಗಿದ್ದ ಸೀಮೆಸುಣ್ಣದ ಗುರುತು ಎರಡನೆಯ ಕ್ಲಿಪ್ಪಿನ ಎದುರಿಗೆ ಬಂದು ನಿಂತಿತು. ಅವಳು ಮೂರೂ ತಿರುಪುಗಳನ್ನು ಮೊದಲಿನಷ್ಟೇ ಬಿಗಿದಳು.

“ಮಳೆಮೋಡ ಅಲ್ಲ, ಸುಮ್ನೆ ಮೋಡ,” ಎಂದಳು ಬಾಗಿಲಲ್ಲಿ ನಿಂತಿದ್ದ ಅಮ್ಮ, ಪಶ್ಚಿಮಕ್ಕೆ ನೋಡುತ್ತ. ಆ ಸಮಾಧಾನದಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಏಳೂ ಮೂವತ್ತೈದು. ತ್ರಿಕೋನ ಇದ್ದಲ್ಲೇ ಇತ್ತು, ಮೂಲೆ ಮೇಲಕ್ಕೇ.

“ತಿರುಗಿಲ್ಲ,” ಎಂದಳು. “ಕನ್ನಡಿ ತಿರುಗಿದೆ, ಇದು ತಿರುಗಿಲ್ಲ. ಕನ್ನಡಿ ಸರಿಯಿದೆ ಅಣ್ಣ.”

ಅಣ್ಣ ಕಟ್ಟೆಯ ಮೇಲೆ ಕುಕ್ಕರಿಸಿದ. “ಸರಿ, ನೆಲವೇ ಡೊಂಕು.”

ಅವಳು ಟಿಪ್ಪಣಿ ಪುಸ್ತಕ ತೆರೆದು, ಕಂಡದ್ದನ್ನು ಕಂಡಂತೆ ದಾಖಲಿಸಲು ಒಂದು ತ್ರಿಕೋನ ಬರೆದಳು. ಪಕ್ಕದಲ್ಲಿ ಕನ್ನಡಿ ಎಷ್ಟು ತಿರುಗಿತೆಂದು ಬರೆಯಲು ಹೊರಟು ಪುಸ್ತಕವನ್ನು ಅಷ್ಟೇ, ಮೂರನೇ ಒಂದು ಸುತ್ತು, ತಿರುಗಿಸಿದಳು. ಪುಸ್ತಕ ತಿರುಗಿತ್ತು, ತ್ರಿಕೋನ ಮಾತ್ರ ತಿರುಗಿಯೇ ಇಲ್ಲವೆಂಬಂತೆ ಮೂಲೆ ಮೇಲೆತ್ತಿ ಕೂತಿತ್ತು.

“ಏನೇ ತಕ್ಕಡಿ? ಮುಖ ಯಾಕೆ ಹಾಗೆ?”

“ಈ ಪರೀಕ್ಷೆ ದಂಡ. ಮೂರು ಮೂಲೇದನ್ನ ಮೂರನೇ ಒಂದು ಸುತ್ತು ತಿರುಗಿಸಿದ್ರೆ ಮೊದಲಿನ ಹಾಗೇ ಕಾಣತ್ತೆ. ಒಂದು ಮೂಲೆ ಹೋಗಿ ಇನ್ನೊಂದು ಅಲ್ಲಿಗೆ ಬರತ್ತೆ. ಕನ್ನಡೀಲೇ ದೋಷ ಇದ್ರೂ ಹೀಗೇ ಕಾಣ್ತಿತ್ತು.”

“ಮತ್ತೆ ಎಷ್ಟು ತಿರುಗಿಸ್ಬೇಕಿತ್ತು?”

“ಅದರಲ್ಲಿ ಅರ್ಧ. ಅರವತ್ತು ಡಿಗ್ರಿ. ದೋಷ ಕನ್ನಡೀದಾದ್ರೆ ಮೂಲೆ ಕೆಳಗೆ ಬರತ್ತೆ.”

ಏಳೂ ನಲವತ್ತು. ತಿರುಪು ಬಿಚ್ಚಿ, ಗಾಜು ತಿರುಗಿಸಿ, ಗುರುತನ್ನು ಎರಡು ಕ್ಲಿಪ್ಪುಗಳ ನಟ್ಟನಡುವೆ ನಿಲ್ಲಿಸಿ, ಮತ್ತೆ ಬಿಗಿಯುವಷ್ಟರಲ್ಲಿ ಏಳೂ ನಲವತ್ತೆಂಟು. ತಣಿಯಲು ಎಂಟೂ ಹದಿಮೂರಾಗಬೇಕು. ಏಳೂ ಐವತ್ತೆರಡಕ್ಕೆ ಬದಿಯ ಓಣಿಯ ಗೇಟು ಕಿರುಗುಟ್ಟಿತು.

ಗಾಜಿನಜ್ಜ ಗೋಡೆ ಹಿಡಿದುಕೊಂಡೇ ಬಂದರು. ಬಟ್ಟೆಯ ಚೀಲದಿಂದ ಸುತ್ತಿಗೆಯ ಹಿಡಿ ಹೊರಗೆ ಚಾಚಿತ್ತು.

“ಬಿಚ್ಚಿಟ್ಟಿದೀಯಾ?”

“ಇಲ್ಲ ಅಜ್ಜ. ಇಪ್ಪತ್ತು ನಿಮಿಷ ಕೊಡಿ.”

“ಯಾತಕ್ಕೆ? ನೋಡಿದ್ದು ಸುಳ್ಳಲ್ಲ ಅಂದೆ.”

“ನೋಡಿದ್ದು ನಿಜ. ಹೇಳಿದ್ದು ಅವಸರ.”

ಅಜ್ಜ ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದರು. “ಕರುಣೆ ಬೇಡ ತಾಯಿ. ಸುಳ್ಳು ಕನ್ನಡಿ ನಾನು ಸತ್ತ ಮೇಲೂ ನನ್ನ ಹೆಸರಲ್ಲಿ ಸುಳ್ಳು ಹೇಳ್ತಾನೇ ಇರತ್ತೆ. ಇನ್ನೊಂದು ಮಾಡೋ ಶಕ್ತಿ ಇಲ್ಲ, ನಿಜ. ಹಾಗಂತ ಇದನ್ನ ಉಳಿಸ್ಕೊಳ್ಳೋಕಾಗಲ್ಲ.”

ಅಮ್ಮ ಕುರ್ಚಿ ತಂದು ಅವರ ಹಿಂದಿಟ್ಟಳು. “ಕೂತ್ಕೊಳ್ಳಿ ಯಜಮಾನ್ರೆ. ಹಾಲಿನೋನು ಹಾಕಿದ ಹಾಲನ್ನೂ ಎರಡು ಸಲ ಅಳೆಯೋಳು ಇವಳು. ನಿಮ್ಮ ವಿಷಯದಲ್ಲೇ ಒಂದು ಸಲಕ್ಕೆ ನಿಲ್ಲಿಸಿಬಿಟ್ಳು. ಇನ್ನೊಂದ್ಸಲ ಅಳೀಲಿ ಬಿಡಿ.”

ಅಜ್ಜ ಕೂತರು. ಚೀಲ ತೊಡೆಯ ಮೇಲೆಯೇ ಉಳಿಯಿತು.

ಎಂಟೂ ಹದಿಮೂರಕ್ಕೆ ಅವಳು ಸ್ಟೂಲು ಹತ್ತುವಾಗ ನಕ್ಷತ್ರವನ್ನು ಮೋಡ ಮುಚ್ಚಿತು. ಪುಟ್ಟ ಫ್ಯಾನಿನ ಗುಂಯ್‌ಗುಡುವಿಕೆಯೊಂದೇ ಹಿತ್ತಲ ತುಂಬ ಕೇಳುತ್ತಿತ್ತು. ಕಾಲು ಜೋಮು ಹಿಡಿದರೂ ಅವಳು ಇಳಿಯಲಿಲ್ಲ. ಎಂಟೂ ಇಪ್ಪತ್ತೊಂದಕ್ಕೆ ಮೋಡದ ಅಂಚು ತೆಳುವಾಯಿತು. ಮಂಕು ಬೆಳಕೊಂದು ಮೂಡಿ ಮೆಲ್ಲನೆ ಹರಡಿತು.

ಮೂಲೆ ಮೇಲಕ್ಕೇ ಇತ್ತು.

ಅವಳು ಹತ್ತರವರೆಗೆ ಎಣಿಸಿ ಮತ್ತೆ ನೋಡಿದಳು. “ಅಣ್ಣ, ನೀನೂ ನೋಡು.”

ಅಣ್ಣ ನೋಡಿದ. “ಮೇಲಕ್ಕೇ ಇದೆ. ಬರ್ಕೋ, ಪೆಟ್ಟಿಗೇದು.” ಅವನ ದನಿಯಲ್ಲಿ ಈಗ ಹಾಸ್ಯವಿರಲಿಲ್ಲ. ಎರಡು ತಿಂಗಳ ಭಾನುವಾರಗಳನ್ನೆಲ್ಲ ಅವನು ಆ ಪೆಟ್ಟಿಗೆಗೆ ಸುರಿದಿದ್ದ.

ಅಲ್ಲಿಗೆ ಬಿಟ್ಟಿದ್ದರೆ ಬಿಡಬಹುದಿತ್ತು. ಅಜ್ಜನ ಕನ್ನಡಿ ಉಳಿದಿತ್ತು. ಅಣ್ಣ ತಪ್ಪನ್ನು ತಾನಾಗಿಯೇ ತಲೆಯ ಮೇಲೆ ಹೊತ್ತುಕೊಂಡಿದ್ದ. ಆದರೆ ಅಣ್ಣ ಕಟ್ಟಿದ ಆಸನ ಗಾಜನ್ನು ಕೆಳಗಿನಿಂದ ಹದಿನೆಂಟು ಕಡೆ ಹೊತ್ತಿತ್ತು. ಮೂರೇ ಕಡೆ ಒತ್ತುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮೂರಿದ್ದದ್ದು ಕ್ಲಿಪ್ಪುಗಳು. ಅವುಗಳನ್ನು ‘ಕಾಗದದಷ್ಟು ಸಂದು ಬಿಡೋಣ’ ಎಂದು ಅಣ್ಣ ಹೇಳಿದಾಗ, ‘ಅಲುಗಾಡೋದನ್ನ ನಾನು ಪಾಸು ಮಾಡಲ್ಲ’ ಎಂದು ಸ್ಪ್ಯಾನರ್ ಕಿತ್ತುಕೊಂಡವಳು ಅವಳು. ಮೂರನ್ನೂ ಒಂದೇ ಬಿಗಿತಕ್ಕೆ ತಂದಿದ್ದಳು; ಇಂದು ಎರಡು ಸಲ ಬಿಚ್ಚಿದಾಗಲೂ ಅಷ್ಟೇ ನಿಖರವಾಗಿ ಮತ್ತೆ ಬಿಗಿದಿದ್ದಳು.

“ಅಣ್ಣ, ಕಣ್ಣು ತೆಗೀಬೇಡ. ನಕ್ಷತ್ರ ಸರಿದ್ರೆ ಹಿಂದೇನೇ ತಳ್ತಾ ಇರು.”

ಅವಳು ಪೆಟ್ಟಿಗೆಯ ಪಕ್ಕ ಮಂಡಿಯೂರಿ ಮೊದಲ ತಿರುಪನ್ನು ಅರ್ಧ ಸುತ್ತು ಸಡಿಲಿಸಿ ಕೈ ಹಿಂತೆಗೆದಳು.

“ಒಂದು ಮೂಲೆ ಮೊಂಡಾಯ್ತು,” ಎಂದ ಅಣ್ಣ.

ಎರಡನೆಯದು.

“ಇನ್ನೊಂದೂ ಹೋಯ್ತು. ಏನು ಮಾಡ್ತಿದೀಯೇ?”

ಮೂರನೆಯದು. ಅಣ್ಣ ಸ್ಟೂಲಿನಿಂದ ಇಳಿದು ಅವಳಿಗೆ ಜಾಗ ಬಿಟ್ಟ. ಅವಳು ಹತ್ತಿ, ಫೋಕಸ್ಸಿನ ಈಚೆಗೊಮ್ಮೆ ಆಚೆಗೊಮ್ಮೆ ನೋಡಿದಳು. ಗಡಿಯಾರ ಎಂಟೂ ಮೂವತ್ತನಾಲ್ಕು ತೋರಿಸುತ್ತಿತ್ತು.

ಅಜ್ಜ ಎದ್ದು ನಿಂತಿದ್ದರು. “ನಂಗೆ ಕಾಣಲ್ಲ. ನೀನೇ ಹೇಳು. ಕಂಡಷ್ಟೇ ಹೇಳು.”

ಅವಳು ಕಚೇರಿಯಲ್ಲಿ ವರದಿ ಓದುವಂತೆ ನೆಟ್ಟಗೆ ನಿಂತಳು.

“ಕನ್ನಡೀನ ಅರವತ್ತು ಡಿಗ್ರಿ ತಿರುಗಿಸಿದಾಗ ತ್ರಿಕೋನ ತಿರುಗಲಿಲ್ಲ. ಮೂರು ಕ್ಲಿಪ್ಪು ಸಡಿಲಿಸಿದ ಮೇಲೆ ನಕ್ಷತ್ರ ಎರಡೂ ಕಡೆ ದುಂಡಗಿದೆ. ಕನ್ನಡೀಲಿ ದೋಷವಿಲ್ಲ, ಪೆಟ್ಟಿಗೇಲಿ ದೋಷವಿಲ್ಲ. ಕ್ಲಿಪ್ಪು ಬಿಗಿದದ್ದು ನಾನು.”