ಹಳಿಯ ಮೇಲಿನ ಜಾಗ

ಹಿಟ್ಟು ಅರ್ಧ ನಾದುವಷ್ಟರಲ್ಲಿ ಗಾಳಿ ತಿರುಗಿತು. ದಲಂದಾ ಪರಾತದ ಮೇಲೆ ಬಾಗಿ ಬೆನ್ನನ್ನೇ ಮರೆ ಮಾಡಿದಳು. ಆದರೂ ಒಂದಿಷ್ಟು ಬೂದು ಪುಡಿ ಹಿಟ್ಟಿನ ಮೇಲೆ ಬಂದು ಕೂತೇ ಕೂತಿತು. ಅವಳು ಅದನ್ನು ಒರೆಸಲು ಹೋಗಲಿಲ್ಲ, ಒಳಕ್ಕೆ ಸೇರಿಸಿ ನಾದಿದಳು. ಆ ಪುಡಿಯಿಲ್ಲದ ರೊಟ್ಟಿ ತಿಂದವರು ಕಸಬ್ ಊರಿನಲ್ಲಿ ಯಾರಿದ್ದಾರೆ? ಗುಡ್ಡ ಅಗೆದು ತೆಗೆದ ಫಾಸ್ಫೇಟು ರೈಲು ಹತ್ತಿ, ಸ್ಫಾಕ್ಸ್ ಬಂದರಿನಲ್ಲಿ ಹಡಗು ಹತ್ತಿ, ಯಾರದೋ ದೇಶದ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಧೂಳು ಮಾತ್ರ ಎಲ್ಲಿಗೂ ಹೋಗದೆ ಊರಲ್ಲೇ ಉಳಿಯುತ್ತಿತ್ತು.

ಅವಳು ಕೂತಿದ್ದದ್ದು ಎರಡು ಹಳಿಗಳ ನಡುವೆ, ಮರದ ದಿಮ್ಮಿಯ ಮೇಲೆ. ತಲೆಯ ಮೇಲೆ ಹಳೆಯ ಕಂಬಳಿಯ ಚಪ್ಪರ. ಬಲಕ್ಕೆ ಊನೀಸಾ ಅಜ್ಜಿಯ ಚಪ್ಪರ, ಆಚೆಗೆ ಇನ್ನೊಂದು, ಮತ್ತೊಂದು, ತಿರುವಿನವರೆಗೂ. ಗಣಿಯಿಂದ ಸಮುದ್ರಕ್ಕೆ ಇರುವುದು ಇದೊಂದೇ ಹಳಿ. ಇಲ್ಲಿ ನಾಲ್ಕು ಜನ ಕೂತರೆ ಅಲ್ಲಿ ಗುಡ್ಡದಷ್ಟು ಮಾಲು ಕೊಳೆಯುತ್ತದೆ; ಆಮೇಲೆ ಕಂಪನಿ ಬಗ್ಗಿ ಕೆಲಸ ಕೊಡುತ್ತದೆ. ಇದು ಕಸಬ್ ಊರಿನ ಮಕ್ಕಳಿಗೂ ಗೊತ್ತಿದ್ದ ಲೆಕ್ಕ.

ಕೂರುವುದಕ್ಕೂ ಕಟ್ಟಳೆಯಿತ್ತು. ಮನೆಗೊಂದು ಜಾಗ. ಆ ಜಾಗದಲ್ಲಿ ಹಗಲೂ ರಾತ್ರಿ ಒಂದು ಜೀವ ಇರಲೇಬೇಕು. ಬಯಲಿಗೆ ಹೋಗಬೇಕಾದರೆ ಚಪ್ಪಲಿ ಬಿಟ್ಟು ಹೋಗಬಹುದು. ಚಪ್ಪಲಿ ಬಿಸಿಲಿಗೆ ಕಾಯುವುದರೊಳಗೆ ವಾಪಸಾಗಬೇಕು. ಎದ್ದು ಹೋದರೆ ಆ ಮನೆಯ ಹಕ್ಕು ಹೋಯಿತು. ಹಾಗಾಗಿ ಪ್ರತಿ ಮನೆಯವರೂ ಯೋಚಿಸಿ, ಯಾರು ಇಲ್ಲದಿದ್ದರೂ ಮನೆ ನಡೆಯುತ್ತದೆಯೋ ಅವರನ್ನೇ ಕಳಿಸಿದ್ದರು. ಮುದುಕಿಯರು, ಕುಂಟರು, ವಿಧವೆಯರು. ಗಂಡಸರು ಕಾಫಿ ಅಂಗಡಿಯಲ್ಲಿ ಕೂತು ಹೋರಾಟ ನಡೆಸುತ್ತಿದ್ದರು.

ಹಫ್ಸಿ ಮನೆಯಿಂದ ಬಂದವಳು ದಲಂದಾ. ಗಂಡ ಲಝರ್ ಗುತ್ತಿಗೆಯ ಕೆಲಸದಲ್ಲಿದ್ದಾಗ ಮಾಲು ಸಾಗಿಸುವ ಯಂತ್ರದ ಪಟ್ಟಿಗೆ ಸಿಕ್ಕಿ ಸತ್ತಿದ್ದ. ಗುತ್ತಿಗೆಯವನಾದ್ದರಿಂದ ಅವನ ಸಾವಿಗೆ ಬೆಲೆಯಿರಲಿಲ್ಲ. ಸಾವಿನ ಊಟಕ್ಕೆ ಕಂಪನಿಯಿಂದ ಎರಡು ಕುರಿ ಬಂದವು, ಅಷ್ಟೆ. ಅವಳೂ ಮಗಳು ಗಝಾಲಾಳೂ ಅತ್ತೆಯ ಮನೆಯಲ್ಲಿ ಉಳಿದರು. ಚಳಿಗಾಲದಲ್ಲಿ ಹಳಿಗೆ ಜನ ಕೂತಾಗ ಅತ್ತೆ ಶಲಬಿಯಾ ಕಂಬಳಿ ಮಡಿಸಿ ಸೊಸೆಯ ಕೈಗಿಟ್ಟು ಹೇಳಿದ್ದಳು: "ನಿನ್ನ ಮೈದುನ ಮುನ್ಸಿಫನಿಗೆ ಒಂದು ಕೆಲಸ ಸಿಕ್ಕಿದ್ರೆ ನಿಂಗೂ ನಿನ್ನ ಮಗೂಗೂ ಸಾಯೋವರೆಗೂ ಅನ್ನ. ಭೂಮಿ ಬಿರಿದ್ರೂ ಏಳಬೇಡ."

ಅವಳು ಎದ್ದಿರಲಿಲ್ಲ. ಗಝಾಲಾ ಇಲ್ಲೇ ಹಳಿಯ ಮೇಲೆ ಸಮತೋಲ ಹಿಡಿದು ನಡೆಯುವುದನ್ನು ಕಲಿತಳು. ಇಲ್ಲೇ ಅವಳ ಎರಡು ಹಾಲುಹಲ್ಲು ಬಿದ್ದವು. ಹೊಸ ಹಲ್ಲು ಹುಟ್ಟುವಾಗಲೇ ಅಂಚಿಗೆ ಕಂದು ಕಲೆ ಹೊತ್ತು ಬಂದವು, ಊರಿನ ನೀರು ಕುಡಿದ ಎಲ್ಲರ ಹಲ್ಲಿನ ಹಾಗೆ. ರೈಲಿನ ಗಾಲಿ ತಿಕ್ಕಿ ಬೆಳ್ಳಿಯಂತೆ ಹೊಳೆಯುತ್ತಿದ್ದ ಹಳಿಗಳಿಗೂ ಅಷ್ಟರಲ್ಲಿ ಅದೇ ಬಣ್ಣ ಬಂದಿತ್ತು.

"ನಾಳೆ ಬರ್ತಾರಂತೆ ಕಣೇ," ಊನೀಸಾ ಅಜ್ಜಿ ತನ್ನ ಚಪ್ಪರದಿಂದ ಕತ್ತು ಚಾಚಿ ಕೂಗಿದಳು. ಮೊಮ್ಮಗನ ಕೆಲಸಕ್ಕಾಗಿ ಕೂತ ಮುದುಕಿ ಅವಳು. "ಕಂಪನಿಯವ್ರು, ಸಂಘದವ್ರು, ಊರ ಹಿರಿಯರು. ಜಾಗಕ್ಕೊಂದು ಕೆಲಸ. ಗಂಡೋ ಹೆಣ್ಣೋ ಕೇಳಲ್ವಂತೆ. ಆದ್ರೆ ಹೆಸರು ಮಾತ್ರ ಕೂತವರ ಬಾಯಿಂದ್ಲೇ ಬರ್ಬೇಕು."

"ಅದ್ಯಾಕಜ್ಜಿ?"

"ಹೋದ್ಸಲ ನೆನಪಿಲ್ವಾ? ಕೂತೋನು ಒಬ್ಬ, ಕೆಲಸ ಹೊಡ್ಕೊಂಡೋನು ಅವನ ಚಿಕ್ಕಪ್ಪ. ಚಾಕು ಚೂರಿ ಆಯ್ತಲ್ಲ. ಅದಕ್ಕೇ ಈ ಸಲ ಬಾಯಿ. ಒಂದ್ಸಲ ಅಂದ್ರೆ ಅಂದಂಗೆ, ಮತ್ತೆ ಬದಲಾಯಿಸೋಕಾಗಲ್ಲ." ಅಜ್ಜಿ ದನಿ ತಗ್ಗಿಸಿದಳು. "ಇನ್ನೊಂದು ಸುದ್ದಿ. ನಿನ್ನ ಮೈದುನನಿಗೆ ಸ್ಫಾಕ್ಸ್ ಕಡೆ ಹೆಣ್ಣು ನೋಡಿದ್ದಾರಂತೆ. ಆ ಹುಡುಗಿ ತಾಯಿ ಕರಾರು ಹಾಕಿದ್ದಾಳೆ, ಮನೇಲಿ ಇನ್ನೊಂದು ಹೆಂಗಸಿನ ಪಾತ್ರೆ ಇರಕೂಡದು ಅಂತ. ನಿನ್ನ ಗಂಟುಮೂಟೆ ಅಣ್ಣನ ಮನೆಗೆ. ಮಗು ಮಾತ್ರ ಇಲ್ಲಿ, ಹೊಸ ಸೊಸೆಗೆ ಕೈಕೆಲಸಕ್ಕೆ."

ದಲಂದಾ ಹಿಟ್ಟನ್ನು ತಿರುವಿ ಹಾಕಿ ಮುಷ್ಟಿಯಿಂದ ಒತ್ತಿದಳು. "ಮುನ್ಸಿಫ್ ಹಾಗೆ ಬಿಡಲ್ಲ ಅಜ್ಜಿ."

"ಅವನಾ?"

"ಅವನು ಹಾಗಲ್ಲ."

ಅತ್ತೆಯ ಮಾತನ್ನು ಅವಳು ಎಂದೂ ನಂಬಿದವಳಲ್ಲ. ನಂಬಿದ್ದು ಮೈದುನನನ್ನು, ಅದೂ ಒಂದೇ ಒಂದು ಬೆಳಗಿನ ಕಾರಣಕ್ಕೆ.

ಆ ಬೆಳಗ್ಗೆ ಧೂಳುಗಾಳಿ ಎದ್ದು ಪಕ್ಕದ ಚಪ್ಪರವೂ ಕಾಣುತ್ತಿರಲಿಲ್ಲ. ಮುನ್ಸಿಫ್ ಎಂದೂ ಇಲ್ಲದವನು ಬೆಳಿಗ್ಗೆಯೇ ಬಂದು, "ಬಾ ಗಝಾಲಾ, ಮಿಠಾಯಿ ಕೊಡಿಸ್ತೀನಿ," ಎಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಕೆಳಗಿನ ಹಳಿ ಗುಂಯ್ಗುಟ್ಟಿತು. ಮೇಲಿನ ಗಣಿಯಲ್ಲಿ ಕೆಟ್ಟು ನಿಂತಿದ್ದ ಎಂಜಿನ್ ಒಂದನ್ನು ರಿಪೇರಿಗೆಂದು ಇಳಿಸುತ್ತಿದ್ದರು. ಧೂಳಿನಲ್ಲಿ ಚಾಲಕನಿಗೆ ಹತ್ತಿರ ಬರುವವರೆಗೂ ಚಪ್ಪರಗಳು ಕಾಣಲಿಲ್ಲ. ಶಿಳ್ಳೆ ಕೇಳಿ ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಊನೀಸಾ ಅಜ್ಜಿಯೂ ಮೊಣಕಾಲು ನೋವು ಮರೆತು ಓಡಿದಳು.

ದಲಂದಾ ಓಡಲಿಲ್ಲ. ಅದನ್ನು ಊರು ಧೈರ್ಯವೆಂದು ಕರೆಯಿತು. ಅದು ಧೈರ್ಯವಲ್ಲವೆಂದು ಅವಳಿಗೆ ಗೊತ್ತಿತ್ತು. ಶಿಳ್ಳೆ ಕೇಳಿದಾಗ ಮೊದಲು ಅವಳ ಕೈ ಮಗುವಿಗಾಗಿ ತಡಕಾಡಿತು. ಮಗು ಇಲ್ಲ, ಮುನ್ಸಿಫನ ಹೆಗಲ ಮೇಲಿದೆ ಎಂದು ನೆನಪಾದದ್ದೇ ತಡ, ಒಳಗೆ ಏನೋ ಸಡಿಲವಾಯಿತು. ಇನ್ನು ಏಳುವುದು ಯಾಕೆ ಅನ್ನಿಸಿತು. ಎಷ್ಟೋ ದಿನದ ಆಯಾಸವೆಲ್ಲ ಒಟ್ಟಾಗಿ ಅವಳನ್ನು ದಿಮ್ಮಿಗೆ ಒತ್ತಿ ಹಿಡಿಯಿತು. ಎಂಜಿನ್ ಅವಳಿಂದ ತೋಳಳತೆಯಲ್ಲಿ ನಿಂತಿತು. ಕಾದ ಎಣ್ಣೆಯ ವಾಸನೆ ಮುಖಕ್ಕೆ ರಾಚಿತು. ಹುಬ್ಬಿನ ಕೂದಲು ಸುರುಟಿತು.

ಅವಳೊಬ್ಬಳು ಕೂತಿದ್ದರಿಂದ ಹಳಿ ಬಿಟ್ಟುಕೊಟ್ಟಂತಾಗಲಿಲ್ಲ ಎಂದು ಹಿರಿಯರು ತೀರ್ಮಾನಿಸಿ, ಓಡಿದವರ ಜಾಗಗಳನ್ನೂ ಉಳಿಸಿದರು. ಮಗುವನ್ನು ಹೆಗಲ ಮೇಲಿಟ್ಟುಕೊಂಡು ಓಡಿ ಬಂದ ಮುನ್ಸಿಫ್ "ಅತ್ತಿಗೇ!" ಎಂದು ಎಲ್ಲರೆದುರು ಅತ್ತಿದ್ದ. ಅಂದಿನಿಂದ ಅವನು ಬಂದಾಗಲೆಲ್ಲ ದಲಂದಾ ಅವನ ಚಹಕ್ಕೆ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕುತ್ತಿದ್ದಳು. ತನ್ನ ಪಾಲಿನದು.

ದಲಂದಾ ರೊಟ್ಟಿ ತಟ್ಟಲು ಶುರು ಮಾಡಿದ್ದಳಷ್ಟೆ, ಅತ್ತೆ ಬಂದಳು. ಹಿಂದೆ ಮುನ್ಸಿಫ್, ಹೊಸ ಅಂಗಿ, ಕೈಯಲ್ಲಿ ಮುಚ್ಚಿದ ಪಾತ್ರೆ. ಪಾತ್ರೆ ತೆರೆದರೆ ಗೋಧಿ ರವೆಯ ಕುಸ್ಕುಸ್, ಮೇಲೆ ಕುರಿಯ ಮಾಂಸದ ದಪ್ಪ ತುಂಡುಗಳು. ಚಳಿಗಾಲದಿಂದ ಒಣ ಮೆಣಸಿನ ಸಾರು ಬಿಟ್ಟು ಇನ್ನೇನೂ ಕಳಿಸದ ಕೈ ಅದು.

"ತಿನ್ನೇ ತಿನ್ನು, ಎಲುಬು ಕಾಣ್ತಾ ಇದೆ," ಎಂದಳು ಶಲಬಿಯಾ, ತಾನು ಬಂದದ್ದು ನಾಲ್ಕು ಚಪ್ಪರಕ್ಕೂ ಕೇಳುವಂತೆ. "ಊನೀಸಾ, ನೀನೂ ಬಾ. ನಿಂಗೆ ಹಲ್ಲಿಲ್ಲ, ಸಾರು ಹೀರ್ಕೋ."

"ನಂಗೆ ಹಲ್ಲಿಲ್ಲ, ನಿನ್ನ ಹೊಸ ಸೊಸೆಗಿದೆಯಂತಲ್ಲ."

"ಹೂಂ ಮತ್ತೆ! ಸಿಪ್ಪೆ ಸುಲಿದ ಬಾದಾಮಿ. ನಮ್ಮ ನೀರು ಕುಡಿದವಳಲ್ಲ."

"ನೋಡೋಕೆ ಬಾದಾಮಿ, ಸರಿ. ಕಚ್ಚೋಕೆ?"

ಶಲಬಿಯಾ ಬಿದ್ದು ಬಿದ್ದು ನಕ್ಕಳು. ಅವಳು ಇಷ್ಟು ಖುಷಿಯಾಗಿದ್ದದ್ದನ್ನು ದಲಂದಾ ಲಝರ್ ಹೋದ ಮೇಲೆ ನೋಡಿರಲಿಲ್ಲ. ಅತ್ತೆ ಸೊಸೆಯ ಬೆನ್ನು ತಟ್ಟಿ ಹೇಳಿದಳು: "ನಮ್ಮ ಭಾಗ್ಯ ನೋಡು. ಆವತ್ತು ಇವಳು ಎದ್ದಿದ್ರೆ ಒಂದು ಕೆಲಸಾನೂ ಇಲ್ಲ. ಸತ್ತಿದ್ರೆ ಎರಡು. ಜಾಣೆ, ಒಂದರಲ್ಲಿ ನಿಲ್ಲಿಸಿದ್ಲು!"

ಎರಡು ಅಂದದ್ದು ಸುಳ್ಳಲ್ಲ. ಮೇಲಿನ ಊರಿನಲ್ಲಿ ಹಳಿಯ ಮೇಲೆ ಒಬ್ಬ ಸತ್ತಾಗ ಅವನ ಮನೆಯ ಇಬ್ಬರಿಗೆ ಕೆಲಸ ಸಿಕ್ಕಿತ್ತು.

"ಥೂ, ನಿನ್ನ ನಾಲಿಗೆ ಬಿದ್ದೋಗ," ಎಂದಳು ಊನೀಸಾ.

"ತಮಾಷೆಗಂದೆ ಕಣಮ್ಮ. ನಮ್ಮ ಹುಡುಗಿ ನಗ್ತಾ ಇಲ್ವಾ?"

ದಲಂದಾ ನಗುತ್ತಿದ್ದಳು. ಅತ್ತೆಯ ತಮಾಷೆಗೆ ನಗುವುದು ಅವಳ ಮುಖಕ್ಕೆ ರೂಢಿಯಾಗಿತ್ತು. ಗಝಾಲಾ ದೂರದಲ್ಲಿ ಹಳಿಯ ಮೇಲೆ ಕೈ ಚಾಚಿ ನಡೆಯುತ್ತಿದ್ದವಳು ಚಿಕ್ಕಪ್ಪನನ್ನು ಕಂಡು ಓಡಿ ಬಂದಳು. ಬಂದವಳು ಅವನ ಕೈ ಹಿಡಿಯಲಿಲ್ಲ. ಹಳಿಯ ಉದ್ದಕ್ಕೂ ಗುಡ್ಡದ ಕಡೆ ನೋಡಿದಳು.

"ಕಾಕಾ, ಇವತ್ತೂ ರೈಲು ಬರುತ್ತಾ?"

"ಇಲ್ಲ ಪುಟ್ಟಾ. ಯಾಕೆ?"

"ಮತ್ತೆ ಯಾಕೆ ಬಂದೆ? ಆವತ್ತು ಬಂದು ಹೇಳಿದ್ಯಲ್ಲ, ರೈಲು ಬರ್ತಾ ಇದೆ, ಬೇಗ ನಡಿ, ಅಮ್ಮನ್ನ ಕೂಗಬೇಡ, ಮಿಠಾಯಿ ಕೊಡಿಸ್ತೀನಿ ಅಂತ."

ಕಾದ ತಗಡಿನ ಮೇಲೆ ರೊಟ್ಟಿ ಉಬ್ಬಿತು. ದಲಂದಾ ಅದನ್ನು ತಿರುವಿ ಹಾಕಬೇಕಿತ್ತು, ಹಾಕಲಿಲ್ಲ. ಅಂಚು ಕಪ್ಪಾಗುವುದನ್ನೇ ನೋಡಿದಳು.

ಮುನ್ಸಿಫ್ ಅಂಗಿಯ ತೋಳು ಎಳೆದುಕೊಂಡ. "ನಂಗೂ ಸರಿಯಾಗಿ ಗೊತ್ತಿರ್ಲಿಲ್ಲ ಅತ್ತಿಗೆ. ಮೇಲಿನ ಸ್ಟೇಷನ್ನಿನ ಸ್ನೇಹಿತ ಫೋನ್ ಮಾಡಿದ್ದ. ಎಂಜಿನ್ ಇಳೀಬಹುದು ಅಂದ, ಅಷ್ಟೆ. ಬಹುದು ಅಂದ."

ಊನೀಸಾ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಡೆಗೆ ಮಾತು ಎತ್ತಿಕೊಂಡವಳು ಶಲಬಿಯಾಳೇ.

"ಏನೀಗ? ಮಗೂನ ಉಳಿಸ್ದ ಅಲ್ವಾ? ಬೇರೆ ಯಾವ ಮೈದುನ ಅಷ್ಟು ಮಾಡ್ತಿದ್ದ? ಅದಕ್ಕೆ ಅವನ ಕಾಲಿಗೆ ಬೀಳ್ಬೇಕು ನೀನು."

ದಲಂದಾ ಅತ್ತೆಯ ಮುಖವನ್ನು ನೋಡಿದಳು. ಅಲ್ಲಿ ಬೆರಗು ಇರಲಿಲ್ಲ. ಹಾಗಾದರೆ ಅವಳಿಗೂ ಗೊತ್ತಿತ್ತು. ಬಹುಶಃ ಮಗುವನ್ನು ಮೊದಲು ತಾ ಎಂದವಳೇ ಅವಳು. ಮಗು ಕೈಯಲ್ಲಿದ್ದರೆ ದಲಂದಾ ಎತ್ತಿಕೊಂಡು ಓಡುತ್ತಾಳೆ, ಮಗು ಇಲ್ಲದಿದ್ದರೆ ಕೂತಿರುತ್ತಾಳೆ. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕೂತ ಹೆಂಗಸಿಗೆ ಸೊಸೆಯ ಬಗ್ಗೆ ಅಷ್ಟು ತಿಳಿಯದಿರುತ್ತದೆಯೇ? ತನ್ನ ಬಗ್ಗೆ ತನಗೇ ತಿಳಿಯದಿದ್ದದ್ದು ಅವಳಿಗೆ ತಿಳಿದಿತ್ತು.

"ಹೌದು," ಎಂದಳು ದಲಂದಾ. "ಮಗೂನ ಉಳಿಸಿದ."

ಸುಟ್ಟ ರೊಟ್ಟಿಯನ್ನು ಬದಿಗಿಟ್ಟು ಚಹಾ ಬಗ್ಗಿಸಿದಳು. ಮುನ್ಸಿಫನ ಲೋಟಕ್ಕೆ ಸಕ್ಕರೆ ಹಾಕುವಾಗ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಎಂದಿನಂತೆ ಎರಡು ಚಮಚ ಹೆಚ್ಚಿಗೆ ಹಾಕಿ, ಕಲಕಿ, ಅವನ ಕೈಗೆ ಕೊಟ್ಟಳು. ಅವನು ಲೋಟದೊಳಗೆ ನೋಡಿದ, ಕುಡಿದ, ನಿರಾಳವಾಗಿ ಉಸಿರು ಬಿಟ್ಟ. ಸಿಹಿ ಸರಿಯಾಗಿತ್ತು.

"ಈಗ ಕೆಲಸದ ಮಾತು," ಶಲಬಿಯಾ ಮಂಡಿಯ ಮೇಲೆ ಕೈಯಿಟ್ಟು ಕೂತಳು. "ನಾಳೆ ಗಡಿಬಿಡೀಲಿ ತಡವರಿಸಬೇಡ. ನಾಲ್ಕು ಗಂಡಸರು ನಿಂತ್ಕೊಂಡು ಕೇಳ್ತಾರೆ, ಹಫ್ಸಿ ಮನೆ ಜಾಗ ಯಾರ ಹೆಸರಿಗೆ ಅಂತ. ಎಲ್ಲಿ, ಹೇಳು."

"ಮುನ್ಸಿಫ್ ಬಿನ್ ಅಮ್ಮಾರ್ ಹಫ್ಸಿ."

"ಗಟ್ಟಿಯಾಗಿ! ಗಂಟಲಲ್ಲಿ ಕಡುಬು ಸಿಕ್ಕಿದೆಯಾ?"

"ಮುನ್ಸಿಫ್ ಬಿನ್ ಅಮ್ಮಾರ್ ಹಫ್ಸಿ."

"ಇನ್ನೊಂದ್ಸಲ. ಕಣ್ಣೆತ್ತಿ."

ಅವಳು ಕಣ್ಣೆತ್ತಿ ಹೇಳಿದಳು. ಗಿಣಿಗೆ ಕಲಿಸಿದವಳ ಹಾಗೆ ಅತ್ತೆಗೆ ಸಂತೋಷವಾಯಿತು. ಪಾತ್ರೆಯಲ್ಲಿದ್ದ ದೊಡ್ಡ ತುಂಡನ್ನು ಆರಿಸಿ ತನ್ನ ಕೈಯಾರೆ ಸೊಸೆಯ ಬಾಯಿಗಿಟ್ಟಳು. ದಲಂದಾ ಅಗಿದಳು. ಮಾಂಸ ಚೆನ್ನಾಗಿ ಬೆಂದಿತ್ತು. ಅವಳು ಪೂರ್ತಿ ತಿಂದಳು.

"ನಾಳೆ ಆದ್ಮೇಲೆ ನಿನ್ನ ಅಣ್ಣನಿಗೆ ಹೇಳಿ ಕಳಿಸೋಣ," ಹೊರಡುವಾಗ ಶಲಬಿಯಾ ಹಗುರವಾಗಿ ಅಂದಳು. "ಪಾಪ, ಎಷ್ಟು ದಿನ ಆಯ್ತು ನೀನು ತವರಿಗೆ ಹೋಗಿ."

ಮುನ್ಸಿಫ್ ತಲೆ ತಗ್ಗಿಸಿ ಪಾತ್ರೆಯ ಮುಚ್ಚಳ ಸರಿಮಾಡುತ್ತಿದ್ದ.

ಅವರು ಏರಿ ದಾಟಿ ಹೋದ ಮೇಲೆ ಊನೀಸಾ ಅಜ್ಜಿ ತೆವಳಿಕೊಂಡು ಹತ್ತಿರ ಬಂದಳು. ಅವಳ ಸುಕ್ಕುಗಣ್ಣು ದಲಂದಾಳ ಮುಖದ ಮೇಲೆ ಏನನ್ನೋ ಹುಡುಕಿತು.

"ನಾಳೆ ಏನಂತೀಯೇ?"

"ಏನಂತೀನಿ ಅಜ್ಜಿ? ಹೇಳಿಕೊಟ್ಟಿದ್ದಾರಲ್ಲ."

"ಹುಚ್ಚಿ," ಎಂದಳು ಅಜ್ಜಿ, ನಿಟ್ಟುಸಿರಿಟ್ಟು ತನ್ನ ಜಾಗಕ್ಕೆ ಹೋದಳು.

ದಲಂದಾ ಉಳಿದ ಹಿಟ್ಟನ್ನು ಉಂಡೆ ಮಾಡಿದಳು. ಒಂದು ಹೆಸರು ಅವಳ ನಾಲಿಗೆಯ ಕೆಳಗಿತ್ತು. ಆ ಹೆಸರು ಹಿಡಿದು ಅವಳನ್ನು ಯಾರೂ ಕರೆಯದೆ ವರ್ಷಗಳಾಗಿದ್ದವು. ಮನೆಯಲ್ಲಿ ಅವಳು ಲಝರನ ಹೆಂಡತಿ, ಆಮೇಲೆ ಲಝರನ ವಿಧವೆ, ಈಗ ಹಫ್ಸಿ ಮನೆಯ ಜಾಗ. ತುಟಿ ಅಲುಗಿಸದೆ ಅದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ನೋಡಿದಳು. ದಲಂದಾ ಬಿಂತ್ ಅತ್ತಿಯಾ ಬರ್ಹೂಮಿ. ಅತ್ತಿಯಾ ಎಂಬ ಅಪ್ಪನ ಹೆಸರಿನ ಹತ್ತಿರ ನಾಲಿಗೆ ಸ್ವಲ್ಪ ಎಡವಿತು. ಮತ್ತೆ ಹೇಳಿದಳು. ಎಡವಲಿಲ್ಲ.

ನಾಳೆ ಆ ಹೆಸರು ಕೇಳಿ ಅತ್ತೆ ಎದೆ ಬಡಿದುಕೊಳ್ಳುತ್ತಾಳೆ. ಊರು ದಲಂದಾಳನ್ನು ಬೀದಿಯವಳು ಅನ್ನುತ್ತದೆ, ಉಂಡ ಮನೆಗೆ ಎರಡು ಬಗೆದವಳು ಅನ್ನುತ್ತದೆ. ಕಲ್ಲು ಬಿದ್ದರೂ ಬೀಳಬಹುದು. ಮುಂದಿನ ಸಲ ಜನ ಹಳಿಗೆ ಕೂರುವ ಹೊತ್ತಿಗೆ ಮುನ್ಸಿಫನಿಗೆ ಕೆಲಸಕ್ಕೆ ಸೇರುವ ವಯಸ್ಸು ಮೀರಿರುತ್ತದೆ. ಸ್ಫಾಕ್ಸಿನ ಬಾದಾಮಿ ಹಲ್ಲು ಇನ್ಯಾರದೋ ಮನೆಯಲ್ಲಿ ನಗುತ್ತದೆ. ಅವನು ಕಾಫಿ ಅಂಗಡಿಯ ಅದೇ ಕುರ್ಚಿಯಲ್ಲಿ ಹೊಸ ಅಂಗಿ ಹಾಕಿಕೊಂಡು ಮುದುಕನಾಗುವುದನ್ನು ಅವಳು ನಿಧಾನವಾಗಿ, ಅಂಗಿಯ ಗುಂಡಿ ಸಮೇತ, ನೆನೆದಳು. ನೆನೆದು ಸುಖವಾಯಿತು. ಆ ಸುಖಕ್ಕೆ ನಾಚಿಕೆ ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

ತಗಡಿನ ಮೇಲೆ ಹೊಸ ರೊಟ್ಟಿ ಉಬ್ಬಿತು. ಈ ಸಲ ಹೊತ್ತಿಗೆ ಸರಿಯಾಗಿ ತಿರುವಿ ಹಾಕಿದಳು.

"ಗಝಾಲಾ," ಎಂದು ಕೂಗಿದಳು. "ಹಳಿಯಿಂದ ಇಳಿದು ಬಾ. ಬಿಸಿ ಇದೆ, ಊದ್ಕೊಂಡು ತಿನ್ನು."