ಬೆಳವದ ಪಂಜರದಲ್ಲಿ ಮುಳ್ಳಿಲಿ

ತಮ್ಮದೆನ್ನುವ ಯಾವುದನ್ನೂ ಪಾಕ್ ಸುಬ್ರೊತೊ ಹತ್ತಿರದಿಂದ ನೋಡಿದವರಲ್ಲ. ಹೂಕುಂಡವಾಗಲಿ, ಗೋಡೆಯ ಪಟವಾಗಲಿ, ಮದುವೆಮನೆಗೆ ಸಿಂಗರಿಸಿಕೊಂಡು ನಿಂತ ಹೆಂಡತಿಯಾಗಲಿ, ಹಿಂದಕ್ಕೆ ಸರಿದು, ಕತ್ತು ಓರೆ ಮಾಡಿ, ಒಂದು ಕಣ್ಣು ಕಿರಿದಾಗಿಸಿ, "ಇಲ್ಲಿಂದ ನೋಡಿ" ಎಂದು ಪಕ್ಕದವರನ್ನು ಕರೆಯುತ್ತಿದ್ದರು. ಸೊಲೊ ನಗರದ ನಮ್ಮ ಓಣಿಯಲ್ಲಿ ಎಲ್ಲರೂ ಗೌರವದಿಂದ 'ಪಾಕ್' ಎನ್ನುತ್ತಿದ್ದ ಅವರಿಗೆ ನಾನು ನೆರೆಯವಳಾಗಿದ್ದ ಕಾಲದುದ್ದಕ್ಕೂ, ಇಸ್ತ್ರಿ ಮುರಿಯದ ಬಾತಿಕ್ ಅಂಗಿಯಿಲ್ಲದೆ ಅವರು ಅಂಗಳಕ್ಕೆ ಇಳಿದದ್ದನ್ನು ಕಾಣೆ.

ಅವರ ಹೆಂಡತಿ ವಿನಾರ್ತಿಗೆ ಅವಳ ತಂಗಿ ಒಂದು ಮುಳ್ಳಿಲಿಯನ್ನು ತಂದುಕೊಟ್ಟಳು. ಮಕ್ಕಳಿಲ್ಲದ ಆ ಮನೆಯಲ್ಲಿ ವಿನಾರ್ತಿ ಅದಕ್ಕೆ ಕ್ಲೆಪೊನ್ ಎಂದು ಉಂಡೆಸಿಹಿಯ ಹೆಸರಿಟ್ಟು, ಅದರ ವಾಸದ ಏರ್ಪಾಡಿಗೆ ತೊಡಗಿದಳು: ಅಗಲವಾದ ಪ್ಲಾಸ್ಟಿಕ್ ತೊಟ್ಟಿ, ಕಾಲೂರಲು ಸಮತಟ್ಟಾದ ತಳ, ಹಳೆಬಟ್ಟೆಯ ತುಂಡುಗಳು, ಹಗಲು ಮಲಗಲು ಬೋರಲು ಹಾಕಿದ ಬಾಯೊಡೆದ ಮಡಕೆ, ಇದೆಲ್ಲ ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿ. ಆ ಪ್ರಾಣಿಗೆ ಬೇಕಾದದ್ದು ಅಷ್ಟೇ. ಪಾಕ್ ಸುಬ್ರೊತೊ ಬಾಗಿಲಾಚೆ ನಿಂತು ನೋಡಿದರು.

"ಬಟ್ಟೆ ನೆನೆಸೋ ತೊಟ್ಟೀಲಿ ಸಾಕ್ತಾರೇನೇ? ಬಂದೋರು ಏನಂತಾರೆ?"

ಅವರ ಅಪ್ಪನ ಕಾಲದಿಂದ ಹಾಡುವ ಬೆಳವದ ಹಕ್ಕಿ ಸಾಕುತ್ತಿದ್ದ ಪಂಜರ ಖಾಲಿಯಿತ್ತು: ತೇಗದ ಕೆತ್ತನೆ, ಬಂಗಾರದ ಬಣ್ಣದ ಮುಡಿ, ತಳಕ್ಕೆ ಸಂದುಬಿಟ್ಟು ಜೋಡಿಸಿದ ಬಿದಿರ ಕಡ್ಡಿಗಳು. ಮುಳ್ಳಿಲಿ ಅದರೊಳಗೆ ಹೋಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಬೆಳವಕ್ಕೆ ಮಾಡುತ್ತಿದ್ದಂತೆಯೇ, ಬೆಳಗಾಗುತ್ತಲೇ ಹಗ್ಗ ಜಗ್ಗಿ ಪಂಜರವನ್ನು ಅಂಗಳದ ಕಂಬದ ತುದಿಗೇರಿಸಿ ಬಿಸಿಲಿಗೆ ಬಿಡತೊಡಗಿದರು.

"ಹಗಲೊತ್ತು ಅದಕ್ಕೆ ಅಡಗ್ಕೊಳ್ಳೋಕೆ ಜಾಗ ಬೇಕು, ಮಾಸ್," ಎಂದು ವಿನಾರ್ತಿ ಗಂಡನಿಗೆ ಹೇಳಿದಳು. "ಕಾಲು ಬೇರೆ ಸಂದೀಲಿ ಸಿಕ್ಕತ್ತೆ."

"ಅಡಗ್ಕೊಳ್ಳೋದಾದ್ರೆ ಸಾಕೋದ್ಯಾಕೆ?"

ಚಹಾಕ್ಕೆ ಬಂದಿದ್ದ ಗೆಳೆಯರೊಬ್ಬರು ತಲೆಯೆತ್ತಿ, "ಏನ್ ಪಾಕ್, ನಿಮ್ಮ ಹೊಸ ಹಕ್ಕಿ ಹಾಡತ್ತೋ, ಬರೀ ಮುನಿಸ್ಕೊಂಡಿರತ್ತೋ?" ಎಂದು ಕೆಣಕಿದರು.

"ರೂಢಿಯಾಗ್ಲಿ ಬಿಡಿ. ಇವಳೂ ಮೊದಮೊದಲು ನಾಲ್ಕು ಜನರ ಮುಂದೆ ಕೂರ್ತಿರ್ಲಿಲ್ಲ."

ಎಲ್ಲರೂ ನಕ್ಕರು. ವಿನಾರ್ತಿ ಕರಿದ ಬಾಳೆಹಣ್ಣಿನ ತಟ್ಟೆಯನ್ನಿಟ್ಟು ಒಳಗೆ ಹೋದಳು.

ಅದೇ ವಾರ ಒಂದು ಮಧ್ಯಾಹ್ನ, ಅವರು ಊಟದ ನಂತರದ ನಿದ್ದೆಯಲ್ಲಿದ್ದಾಗ, ವಿನಾರ್ತಿ ತಾನೇ ಹಗ್ಗ ಸಡಿಲಿಸಿ ಪಂಜರ ಇಳಿಸುತ್ತಿದ್ದುದನ್ನು ಗೋಡೆಯಾಚೆಯಿಂದ ಕಂಡೆ. ಮುಳ್ಳಿಲಿಯ ಹಿಂಗಾಲು ಕಡ್ಡಿಗಳ ನಡುವೆ ಸಿಕ್ಕಿ, ಊದಿ, ಕಪ್ಪಾಗಿತ್ತು. ಪ್ರಾಣಿವೈದ್ಯರು ಆ ಕಾಲನ್ನು ತೆಗೆದರು. ಅದು ಬದುಕಿತು. ಯಾರನ್ನೂ ಕೇಳದೆ ವಿನಾರ್ತಿ ಅದನ್ನು ಅಡುಗೆಮನೆಯ ತೊಟ್ಟಿಗೆ ತಂದಳು. ಪಾಕ್ ಸುಬ್ರೊತೊ ಗದರಲಿಲ್ಲ; ರಕ್ತ ತಾಕಿದ ಕಡ್ಡಿಗಳನ್ನು ಬದಲಿಸಿ, ಪಂಜರದ ಮುಡಿಗೆ ಹೊಸದಾಗಿ ಬಣ್ಣ ಹಚ್ಚಿಸಿದರು.

ನಾನು ವಿನಾರ್ತಿಯ ಜೊತೆ ಕುಳಿತಿದ್ದ ಒಂದು ಸಂಜೆ ಅವರು ಅಡುಗೆಮನೆಗೆ ಬಂದರು. ತೊಟ್ಟಿಯನ್ನು ನೋಡಲು ಅಭ್ಯಾಸಬಲದಿಂದ ಹಿಂದಕ್ಕೆ ಹೆಜ್ಜೆಯಿಟ್ಟರು. ಬೆನ್ನು ಗೋಡೆಗೆ ತಾಗಿತು. ಸರಿಯಲು ಜಾಗವಿರಲಿಲ್ಲ.

"ಇಲ್ಲಿ ಏನೂ ಕಾಣ್ಸಲ್ಲ," ಎಂದರು.

"ಅದಕ್ಕೇ ಇಲ್ಲಿಟ್ಟಿರೋದು," ಎಂದಳು ವಿನಾರ್ತಿ, ಅಕ್ಕಿ ತೊಳೆಯುತ್ತಲೇ.

ಅಂಥವರನ್ನು ಕ್ರೂರಿಗಳೆಂದು ಯಾರೂ ಕರೆಯುವುದಿಲ್ಲ, ಅಭಿರುಚಿಯುಳ್ಳವರೆನ್ನುತ್ತಾರೆ. ಇನ್ನೊಬ್ಬರು ಬಾಳಬೇಕಾದ ಮನೆಯನ್ನು ಅವರು ಯಾವಾಗಲೂ ಹೊರಗೆ ನಿಂತೇ ಆರಿಸುತ್ತಾರೆ. ಒಳಗಿರುವ ಜೀವಕ್ಕೆ ಕಾಲುಗಳಿದ್ದವೆಂಬುದು, ಒಂದು ಹೋದ ಮೇಲೂ, ಅಷ್ಟು ದೂರಕ್ಕೆ ಕಾಣುವುದಿಲ್ಲ.