ಕಮಲಾಪುರದ ಚಾವಿ

ಕರೆಂಟು ಹೋಗಿ ಅರ್ಧ ತಾಸಾಗಿತ್ತು. ಕಲಬುರಗಿ ಬಸ್ ನಿಲ್ದಾಣದ ಎದುರಿನ ತನ್ನ ಇಂಟರ್‌ನೆಟ್ ಅಂಗಡಿಯಲ್ಲಿ ಮುಕುಂದ ಹಳೆಯ ದಿನಪತ್ರಿಕೆಯನ್ನು ಬೀಸಣಿಗೆ ಮಾಡಿಕೊಂಡು ಕಣ್ಣು ಮುಚ್ಚಿದ್ದ. ಊರವರ ಅರ್ಜಿ, ಫಲಿತಾಂಶ, ಬೀಗರಿಗೆ ಕಳಿಸುವ ಫೋಟೋ ಎಂದು ಬೆಳಗಿನಿಂದ ದುಡಿದ ಬೆರಳುಗಳಿಗೆ ಸಿಕ್ಕ ಬಿಡುವು ಅದೊಂದೇ. ಆ ಬಿಡುವಿಗೂ ಕಲ್ಲು ಹಾಕಲು ಪಾಂಡುರಂಗ ಬಾಗಿಲಲ್ಲಿ ಬಂದು ನಿಂತ.

"ಏನಪಾ ಮುಕುಂದಾ, ತಪಸ್ಸಿಗೆ ಕುಂತೀಯೇನು?"

"ಕರೆಂಟ್ ಇಲ್ದಾಗ ಎಲ್ಲಾರೂ ಋಷಿಗಳೇ. ಬಾ, ಕೂಡು."

"ಕೂಡಾಕ ಬಂದಿಲ್ಲ. ಒಂದು ಹೆಸರು ಬೇಕಾಗ್ಯದ. 'ಹುಳಕ ಬ್ಯಾಳಿ' ಅಂದ್ರ ಯಾರು?"

ಮುಕುಂದನ ಕೈಯಲ್ಲಿದ್ದ ಪತ್ರಿಕೆ ನಿಂತಿತು. ಇಬ್ಬರೂ ಕಮಲಾಪುರದವರು, ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು. ಪಾಂಡುರಂಗ ಈಗ ನಂದೂರಿನ ಒಂದು ಬೇಳೆ ಮಿಲ್ಲಿನ ಮ್ಯಾನೇಜರು. ಅಂತರ್ಜಾಲದಲ್ಲಿ 'ನಮ್ಮ ಕಮಲಾಪುರ' ಎಂಬ ಗುಂಪೊಂದಿತ್ತು. ಊರಲ್ಲಿ ಇದ್ದವರು, ಊರು ಬಿಟ್ಟವರು ಅಲ್ಲಿ ಸೇರಿ ಹರಟುತ್ತಿದ್ದರು. ಎರಡು ತಿಂಗಳಿಂದ 'ಹುಳಕ ಬ್ಯಾಳಿ' ಎಂಬ ಗುಪ್ತನಾಮದವರೊಬ್ಬರು ಆ ಮಿಲ್ಲಿನ ಒಳಗುಟ್ಟನ್ನು ಅಲ್ಲಿ ಬರೆಯುತ್ತಿದ್ದರು. ಹುಳು ಬಿದ್ದ ಬೇಳೆಗೆ ಎಣ್ಣೆ ಹಚ್ಚಿ ಹೊಳಪು ಕೊಟ್ಟು ಮಕ್ಕಳ ಹಾಸ್ಟೆಲುಗಳಿಗೆ ಸಾಗಿಸುವುದನ್ನು ಕಣ್ಣಾರೆ ಕಂಡವರಂತೆ ಬರೆಯುತ್ತಿದ್ದರು.

"ನನಗ ಹ್ಯಾಂಗ ಗೊತ್ತಾಗಬೇಕು?" ಎಂದ ಮುಕುಂದ.

ಅವನಿಗೆ ಗೊತ್ತಿತ್ತು. ಒಮ್ಮೆ ಮೂಲೆಯ ಕಂಪ್ಯೂಟರ್ ಅಲುಗಾಡದೆ ನಿಂತುಬಿಟ್ಟಾಗ ಸರಿಪಡಿಸಲು ಹೋದವನ ಕಣ್ಣಿಗೆ ಆ ಹೆಸರು ಬಿದ್ದಿತ್ತು. ಕುರ್ಚಿಯಲ್ಲಿದ್ದವಳು ಬಂಡೆಮ್ಮ. ಮಿಲ್ಲಿನ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವಳದು. ಸಂಜೆ ಕಮಲಾಪುರದ ಬಸ್ಸು ಬರುವವರೆಗೆ ಅವನ ಅಂಗಡಿಯಲ್ಲಿ ಕೂರುತ್ತಿದ್ದಳು. ತಂದೆ ಮಾಪಣ್ಣ ಕಂಡವರ ಹೊಲದಲ್ಲಿ ಕೂಲಿ ಮಾಡಿ ಓದಿಸಿದ ಮಗಳು. ಹೆಸರು ಹೊರಬಿದ್ದರೆ ನೌಕರಿಯೊಂದೇ ಹೋಗುವುದಿಲ್ಲ. ಮಿಲ್ಲಿನ ಧಣಿ ಹಣಮಂತರಾಯರ ವಿರುದ್ಧ ಬಾಯಿ ತೆರೆದ ಕೂಲಿಯವರ ಓಣಿಗೆ ಮರುದಿನದಿಂದ ಏನೇನು ಕಾದಿರುತ್ತದೆಂಬುದನ್ನು ಆ ಊರಲ್ಲಿ ಹುಟ್ಟಿದ ಮುಕುಂದನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ನೀ ಹೇಳಬ್ಯಾಡ ಬಿಡು," ಪಾಂಡುರಂಗ ನಕ್ಕ. "ನಿನ್ನೆ ನಮ್ಮೂರ ಭೀಮಶಾ ನಮ್ಮ ಆಫೀಸಿಗೆ ಬಂದಿದ್ದ. ಮಗನ ಫೋಟೋ ತೋರಸ್ತೀನಿ ಅಂತ ತನ್ನ ಮೇಲ್ ತೆಗದ. ಅವ ಒತ್ತಿದ ಪಾಸ್‌ವರ್ಡ್ ಚಾವಿ ನೋಡಿದೆ. ನಂದೂ ಅದೇ! ಆಮ್ಯಾಲ ನಮ್ಮ ಅನಸೂಯಾಕಾಕೂಂದು ತೆಗದು ನೋಡಿದೆ. ಅದೂ ತೆರೀತು. ಕಮಲಾಪುರಕ್ಕೆಲ್ಲಾ ಒಂದೇ ಚಾವಿ ಮಾಡಿ ಕೊಟ್ಟೀಯಲ್ಲೋ, ಶಾಣ್ಯಾ!"

ಮುಕುಂದ ಪತ್ರಿಕೆಯನ್ನು ಮಡಚಿಟ್ಟ. ಪಾಂಡುರಂಗ ಮಾತು ಮುಂದುವರಿಸಿದ.

"ಗುಂಪಿನ್ಯಾಗ ಬರದವರ ಮೇಲ್ ಪೆಟ್ಟಿಗಿಗೆ ಅದರದೊಂದು ಪ್ರತಿ ಬಂದೇ ಬರ್ತದ. ನಾಕಕ್ಕ ಕರೆಂಟ್ ಬರ್ತದಂತ. ಒಂದೊಂದೇ ಪೆಟ್ಟಿಗಿ ತೆಗದು ನೋಡ್ಕೋತ ಹೋಗ್ತೀನಿ. ಸಂಜೀ ಒಳಗ ಹುಳ ಸಿಗ್ತದ."

ಪಾಂಡುರಂಗನ ಮೋಟಾರ್ ಸೈಕಲ್ಲು ನಂದೂರಿನ ಕಡೆಗೆ ಹೊರಳಿತು.

ಕಮಲಾಪುರದಲ್ಲೊಂದು ರೂಢಿಯಿತ್ತು. ಪರವೂರಿಗೆ ಹೊರಟವರು ಮನೆಗೆ ಬೀಗ ಜಡಿದು ಚಾವಿಯನ್ನು ನೆರೆಮನೆಯ ಗೂಡಿನಲ್ಲಿಟ್ಟು ಹೋಗುತ್ತಿದ್ದರು. ಹಾಲಿನವಳು, ನೆಂಟರು, ಬೆಕ್ಕು ಓಡಿಸುವವರು ಯಾರು ಬೇಕಾದರೂ ಆ ಚಾವಿ ತೆಗೆದುಕೊಳ್ಳಬಹುದಿತ್ತು. ಆರು ವರ್ಷದ ಹಿಂದೆ ಅಂಗಡಿ ತೆರೆದಾಗ ಊರವರು ಬಂದು, "ಒಂದು ಮೇಲ್ ಮಾಡಿಕೊಡೋ" ಎಂದರು. ಮುಕುಂದ ಮಾಡಿಕೊಟ್ಟ. ಮರುವಾರ ಬಂದು, "ಚಾವಿ ಮರ್ತೀನಪಾ" ಎಂದರು. ಬೇಸತ್ತ ಮುಕುಂದ ಎಲ್ಲರಿಗೂ ಒಂದೇ ಚಾವಿ ಇಟ್ಟ: 'ಕೆಂಬಾಳೆ'. ಕೆಂಪು ಬಾಳೆಗೆ ಹೆಸರಾದ ಊರಿನವರು ಅದನ್ನು ಮರೆಯುವುದುಂಟೆ? ಪೆಟ್ಟಿಗೆಯ ಹೆಸರೂ ಸರಳ, ಅವರವರ ಹೆಸರಿನ ಮುಂದೆ ಊರು. ಅಂಗಡಿ ತುಂಬಿದಾಗ ಬಾಗಿಲಲ್ಲೇ ನಿಂತು, "ಅದೇ ಚಾವಿ ಅದ ಅಲ್ಲೇನ್ರಿ ಇನ್ನಾ?" ಎಂದು ಕೂಗುವವರಿದ್ದರು. ತನಗೊಬ್ಬನಿಗೆ ಮಾತ್ರ ಎಂಬಂತೆ ಎಲ್ಲರೂ ಅದನ್ನು ಬಳಸುತ್ತಿದ್ದರು.

ಬಂಡೆಮ್ಮನಿಗೆ ಸುದ್ದಿ ಮುಟ್ಟಿಸುವ ದಾರಿಯಿರಲಿಲ್ಲ. ಮಿಲ್ಲಿನೊಳಗೆ ಮೊಬೈಲ್ ಬಿಡುತ್ತಿರಲಿಲ್ಲ. ಕಚೇರಿಯ ಫೋನು ಪಾಂಡುರಂಗನ ಮೇಜಿನ ಮೇಲಿತ್ತು. ಮುಕುಂದ ಷಟರ್ ಎಳೆದು ಆಟೋ ಹತ್ತಿದ. ಮೋಮಿನಪುರದಲ್ಲಿ ಕರೆಂಟು ಹೋಗುವ ಸರದಿ ಬೇರೆ. ಅಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಚಾಂದಪಾಶಾನ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು.

"ಅರೆ ಮುಕುಂದಭಾಯ್, ದೂಸ್ರಾ ಲಗ್ನ ಮಾಡ್ಕೋತೀರೇನ್ರಿ? ಕಾರ್ಡ್ ಬೇಕೇನು?"

"ಒಂದರಾಗೇ ಸಾಕಾಗ್ಯದ ಪಾಶಾ. ಒಂದು ತಾಸು ನಿನ್ನ ಕಂಪ್ಯೂಟರ್ ಕೊಡು."

ಬಂಡೆಮ್ಮನ ಪೆಟ್ಟಿಗೆ ಮೊದಲ ಏಟಿಗೇ ತೆರೆಯಿತು. ಗುಂಪಿನಿಂದ ಬಂದ ಪತ್ರಗಳು ಸಾಲಾಗಿದ್ದವು. ಅವುಗಳ ನಡುವೆ ಹುಬ್ಬಳ್ಳಿಯ ಯಾರಿಗೋ ಬರೆದು ಕಳಿಸದೆ ಬಿಟ್ಟ ಪತ್ರವೊಂದು. 'ನಾನು ಒಪ್ಪಿದರೂ ನಿಮ್ಮ ಮನೆಯವರು...' ಅವನು ಥಟ್ಟನೆ ಕಣ್ಣು ಸರಿಸಿದ. ಅವಸರದಿಂದ ಚಾವಿ ಬದಲಿಸಿ ಹೊರಬಂದು ಉಸಿರು ಬಿಟ್ಟ.

ಬಿಟ್ಟ ಉಸಿರು ಮರಳುವ ಮೊದಲೇ ತನ್ನ ತಪ್ಪು ಹೊಳೆಯಿತು.

ಪಾಂಡುರಂಗ ಒಂದೊಂದೇ ಪೆಟ್ಟಿಗೆ ತೆರೆಯುತ್ತ ಬರುತ್ತಾನೆ. ಊರಿನವೆಲ್ಲ ತೆರೆಯುತ್ತವೆ, ಬಂಡೆಮ್ಮನದೊಂದು ತೆರೆಯುವುದಿಲ್ಲ. ಅದಕ್ಕಿಂತ ಬೇರೆ ಸಾಕ್ಷಿ ಅವನಿಗೆ ಬೇಕೆ? ಕಾಪಾಡಲು ಹೋದವನು ಅವಳ ಬಾಗಿಲಿಗೆ ಸುಣ್ಣದ ಗುರುತು ಹಾಕಿ ಬಂದಂತಾಗಿತ್ತು.

ಉಳಿದದ್ದು ಒಂದೇ ದಾರಿ. ಊರಿಗೆ ಊರೇ ಬೀಗ ಬೀಳಬೇಕು.

ಮುಕುಂದ ಕಣ್ಣು ಮುಚ್ಚಿ ಕಮಲಾಪುರದ ಓಣಿಗಳಲ್ಲಿ ನಡೆಯತೊಡಗಿದ. ಊರ ಅಗಸಿಬಾಗಿಲಿನಿಂದ ಹಿಡಿದು ಮನೆಮನೆಯ ಮುಂದೆ ನಿಂತು, ಹೆಸರು ನೆನೆದು, ಪೆಟ್ಟಿಗೆ ತೆರೆದು, ಏನನ್ನೂ ಓದದೆ ಚಾವಿ ಬದಲಿಸಿದ. ಹೊಸ ಚಾವಿಯೂ ಎಲ್ಲಕ್ಕೂ ಒಂದೇ. ಬೇರೆ ಬೇರೆ ಯೋಚಿಸುವ ವ್ಯವಧಾನವಿರಲಿಲ್ಲ. ಸಂಪರ್ಕ ಎರಡು ಸಲ ಕಡಿಯಿತು. ಚಾಂದಪಾಶಾ ತಂದಿಟ್ಟ ಚಹಾ ಕೆನೆಗಟ್ಟಿತು. ಗೋಡೆಯ ಗಡಿಯಾರ ನಾಲ್ಕು ಹೊಡೆದಾಗ ಕೊನೆಯ ಓಣಿ ಉಳಿದಿತ್ತು. ಪಾಂಡುರಂಗನ ಸ್ವಂತ ಪೆಟ್ಟಿಗೆಗೂ ಬೀಗ ಹಾಕಿ ಕೈ ತೆಗೆದಾಗ ಬೆರಳುಗಳು ಮರಗಟ್ಟಿದ್ದವು.

ಸಂಜೆ ಅಂಗಡಿಯ ಮುಂದೆ ಜಾತ್ರೆಯೇ ನೆರೆದಿತ್ತು. "ನಮ್ಮ ಚಾವಿ ಹತ್ತವಲ್ದು!" "ಊರ ಮಂದಿಗೆ ಹಿಂಗ ಮಾಡೂದೇನ್ರಿ?" ಎಲ್ಲರಿಗೂ ಮುಕುಂದ ಒಂದೇ ಮಾತು ಹೇಳಿದ. "ಚಾವಿ ಕಳ್ಳರ ಕೈಗೆ ಸಿಕ್ಕಿತ್ತು. ನಿಮ್ಮದು ನೀವೇ ಮಾಡ್ಕೋರಿ. ನನಗೂ ಹೇಳಬ್ಯಾಡ್ರಿ."

ಆ ಗದ್ದಲದಲ್ಲೇ ಪಾಂಡುರಂಗ ಬಂದ. ಮುಖ ಗಂಟಾಗಿತ್ತು.

"ಯಾರದೂ ತೆಗೀವಲ್ದು. ನಂದೂ ತೆಗೀವಲ್ದು! ಇದೆಂಥಾ ಆಟನೋ?"

"ಎಲ್ಲಾರದೂ ಬದಲಿ ಮಾಡೀನಿ. ಸರದಿಯೊಳಗ ನಿಂದ್ರು, ನಿಂದೂ ತೆಗದು ಕೊಡ್ತೀನಿ."

"ಹಣಮಂತರಾಯ್ರಿಗಿ ಏನು ಹೇಳ್ಲಿ?"

"ಬ್ಯಾಳಿ ಆರಿಸಲಿಕ್ಕೆ ಹೇಳು."

ಮಂದಿ ಗೊಳ್ಳೆಂದು ನಕ್ಕರು. ಪಾಂಡುರಂಗ ನಗಲಿಲ್ಲ, ಸರದಿಯಲ್ಲೂ ನಿಲ್ಲಲಿಲ್ಲ.

ಬಂಡೆಮ್ಮ ಎಲ್ಲರಿಗಿಂತ ಕೊನೆಗೆ ಬಂದಳು. ಅವಳ ಬಸ್ಸು ಹೋಗಿಯಾಗಿತ್ತು. ಮುಕುಂದ ದನಿ ತಗ್ಗಿಸಿ ನಡೆದದ್ದೆಲ್ಲ ಹೇಳಿದ. ಕೇಳುತ್ತ ಕೇಳುತ್ತ ಅವಳ ಮುಖದ ಬಣ್ಣ ಇಳಿದು ಮತ್ತೆ ಮರಳಿತು. ಕೃತಜ್ಞತೆಯ ಮಾತೊಂದನ್ನು ಅವನು ಕಾಯುತ್ತಿದ್ದನೋ ಏನೋ. ಅವಳು ಕೇಳಿದ್ದು ಬೇರೆ.

"ಅಣ್ಣಾರ, ನೀವು ಒಳಗ ಹ್ಯಾಂಗ ಹೋದ್ರಿ?"

"ಅದೇ ಚಾವಿಲೆ, ತಂಗಿ."

"ಅಂದ್ರ ಇಷ್ಟು ದಿನಾ ಹೋಗಬಹುದಿತ್ತು."

"ಹೋಗಿಲ್ಲವಾ. ಇವತ್ತೊಂದೇ. ಒಂದು ಪತ್ರದ ಮೊದಲ ಸಾಲು ಕಣ್ಣಿಗೆ ಬಿತ್ತು, ಸುಳ್ಳು ಹೇಳೂದಿಲ್ಲ."

ಅದು ಯಾವ ಪತ್ರವೆಂದು ಅವಳು ಕೇಳಲಿಲ್ಲ. "ಓದಲಿಲ್ಲ ಅಂಬೂದು ನಿಮ್ಮ ದೊಡ್ಡಸ್ತಿಕಿ ಆತ್ರಿ. ನನ್ನ ಚಿಲಕ ಆಗಲಿಲ್ಲ," ಎಂದಳು. ಬಳಿಕ ಕುರ್ಚಿಯಲ್ಲಿ ಕುಳಿತು, "ಸ್ವಲ್ಪ ಆ ಕಡಿ ಮಾರಿ ಮಾಡ್ರಿ," ಎಂದಳು.

ಮುಕುಂದ ಗೋಡೆಗೆ ಮುಖ ಮಾಡಿ ನಿಂತ. ಬೆನ್ನ ಹಿಂದೆ ಕೀಲಿಮಣೆಯ ಸದ್ದು ತಡೆತಡೆದು ಬಂದು ನಿಂತಿತು.

ಮುಂದಿನ ವಾರ 'ಹುಳಕ ಬ್ಯಾಳಿ' ಮತ್ತೆ ಬರೆಯಿತು, ಈ ಸಲ ಹಾಸ್ಟೆಲಿನ ಮುಂದೆ ಇಳಿಸಿದ ಬೇಳೆಯ ಮೂಟೆಗಳ ಫೋಟೋ ಸಮೇತ. ಎಲ್ಲಿಂದ ಬರೆಯಿತೆಂದು ಮುಕುಂದನಿಗೆ ತಿಳಿಯಲಿಲ್ಲ. ಬಂಡೆಮ್ಮ ಸಂಜೆ ಅಂಗಡಿಯ ಮುಂದಿನಿಂದಲೇ ನಡೆದು ಬಸ್ಸು ಹತ್ತುತ್ತಿದ್ದಳು, ಒಳಗೆ ಕಾಲಿಡಲಿಲ್ಲ. ಮೂಲೆಯ ಕುರ್ಚಿ ಖಾಲಿಯಿತ್ತು.

ಅದರತ್ತ ನೋಡುತ್ತ ಕುಳಿತವನ ಎದುರು ಪಾಂಡುರಂಗನ ಚಿಕ್ಕಮ್ಮ ಅನಸೂಯಾಬಾಯಿ ಏದುಸಿರು ಬಿಡುತ್ತ ಬಂದು ಕೈಚೀಲ ಇಳಿಸಿದರು.

"ಮುಕುಂದಾ, ನಾ ಇಟ್ಟ ಚಾವಿ ನೆನಪೇ ಆಗವಲ್ದಪಾ. ಇನ್ನ ನೀನೇ ಒಂದು ಇಟ್ಟುಕೋ. ನಿನ್ನ ಕಡೆ ಇದ್ರ ನನಗೇನು ಚಿಂತಿ?"

ಮುಕುಂದ ಎರಡೂ ಅಂಗೈಗಳಿಂದ ಕಣ್ಣು ತಿಕ್ಕಿಕೊಂಡ. ಆಮೇಲೆ ಕುರ್ಚಿ ಎಳೆದು ಅವರನ್ನು ಕೂರಿಸಿ, ಹೊಸ ಚಾವಿ ಕೇಳುವ ಪರದೆ ತೆರೆದಿಟ್ಟು, ತಾನು ಗೋಡೆಗೆ ಮುಖ ಮಾಡಿ ನಿಂತ.

"ಹೊಡೀರಿ ಕಾಕೂ. ಸಾವಕಾಶ ಹೊಡೀರಿ. ನಾ ಇಲ್ಲೇ ನಿಂತಿರ್ತೀನಿ."